ಮೂರು ಒದೆ, ಒಂದು ‘ಹೋಯಿತು’

ನಾನು ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕಡೆ ಅಂಥ ಮಕ್ಕಳಿಗೆ ಹುಟ್ಟುವಾಗಲೇ ಒಂದು ಉದ್ಯೋಗ ಕಾದಿರುತ್ತದೆ. ಯಾರದಾದರೂ ಸೊಂಟ ಹಿಡಿದರೆ, ಬೆನ್ನು ಉಳುಕಿದರೆ, ಅವರು ಬಂದು ನಮ್ಮ ಚಾವಡಿಯಲ್ಲಿ ಕವುಚಿ ಮಲಗಬೇಕು. ನಾನು ಎಡಗಾಲಿನಿಂದ ಮೆಲ್ಲಗೆ ಮೂರು ಸಲ ಒದೆಯಬೇಕು. ಒದೆ ತಿಂದವರು ಎದ್ದು ನಿಂತು, ಹಿಂದೆ ತಿರುಗಿ ನೋಡದೆ, ಮನೆಯವರಿಗೆಲ್ಲ ಕೇಳುವ ಹಾಗೆ ‘ಹೋಯಿತು’ ಎನ್ನಬೇಕು. ಹಾಗೆ ಹೇಳದಿದ್ದರೆ ಅವರ ನೋವು ಒದ್ದ ಮಗುವಿಗೆ ಬರುತ್ತದೆ ಎಂದು ನಮ್ಮ ಅಜ್ಜಿಯ ಕಾಲದ ನಂಬಿಕೆ.

ಆರನೇ ವಯಸ್ಸಿಗೇ ಶಕ್ತಿನಗರದ ನಮ್ಮ ಗುಡ್ಡದ ಬದಿಯಲ್ಲಿ ನನ್ನಷ್ಟು ಹೆಸರಾದ ಡಾಕ್ಟರು ಇನ್ನೊಬ್ಬರಿರಲಿಲ್ಲ. ಒಮ್ಮೆ ನಮ್ಮ ಶಾಲೆಯ ಮಾಸ್ತರರೇ ಬಂದು ಮಲಗಿದರು. ಹಿಂದಿನ ದಿನ ನನ್ನ ಕಿವಿ ಹಿಂಡಿದ್ದವರು. ಅವರಿಗೆ ಕೊಟ್ಟ ಮೂರು ಒದೆ ಅಷ್ಟೇನೂ ಮೆಲ್ಲಗಿರಲಿಲ್ಲ. ಅವರೂ ‘ಹೋಯಿತು’ ಎಂದೇ ಹೇಳಿ ಹೋದರು.

ವಾರ ತಪ್ಪಿಸದೆ ಬರುತ್ತಿದ್ದವರು ಆಚೆ ಮನೆಯ ಬ್ಯಾರಿ ಹೆಂಗಸು. ನಾನು ಅವರನ್ನು ಮಾಮಿ ಎಂದು ಕರೆಯುತ್ತಿದ್ದೆ. ಬೀಡಿಯ ತಡ್ಪೆಯನ್ನು, ಎಂದರೆ ಮೊರವನ್ನು, ತೊಡೆಯ ಮೇಲಿಟ್ಟುಕೊಂಡು ದಿನವಿಡೀ ಬಗ್ಗಿ ಕೂತು ಬೀಡಿ ಕಟ್ಟುವವರು. ಮಂಗಳವಾರ ಮಧ್ಯಾಹ್ನ ಬಂದು ಚಾವಡಿಯಲ್ಲಿ ಮಲಗಿದರೆ ಎಷ್ಟೋ ಹೊತ್ತು ಏಳುತ್ತಲೇ ಇರಲಿಲ್ಲ. ಆಮೇಲೆ ಎದ್ದು ಬೆನ್ನು ಹಾಕಿಯೇ ‘ಹೋಯಿತು ಮೋಳೇ’ ಎಂದು, ಕೈ ಹಿಂದೆ ಚಾಚಿ ನನ್ನ ಕೈಯಲ್ಲಿ ಒಂದು ಪೆಪ್ಪರ್‌ಮಿಂಟ್ ಇಡುತ್ತಿದ್ದರು. ಮೋಳೆ ಎಂದರೆ ಅವರ ಭಾಷೆಯಲ್ಲಿ ಮಗಳು. ನಾನು ದೊಡ್ಡವಳಾದ ಮೇಲೆ ಅವರು ಮನೆ ಬದಲಿಸಿದರು, ನಾನು ಮದುವೆಯಾಗಿ ಮಣ್ಣಗುಡ್ಡಕ್ಕೆ ಬಂದೆ.

ನಾಲ್ಕು ವರ್ಷದ ಹಿಂದೆ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ನನ್ನದೇ ಸೊಂಟ ಹಿಡಿಯಿತು. ಹಿಡಿದದ್ದು ಬಿಡಲಿಲ್ಲ. ಎಣ್ಣೆ ತಿಕ್ಕಿಸಿದೆ, ಬೆಲ್ಟ್ ಕಟ್ಟಿದೆ, ಇಂಜೆಕ್ಷನ್ ಚುಚ್ಚಿಸಿಕೊಂಡೆ. ಕಾಲು ಮುಂದಾಗಿ ಹುಟ್ಟಿದ ಮಗುವನ್ನು ಹುಡುಕಿದೆ. ಈಗ ಅಂಥ ಮಕ್ಕಳನ್ನೆಲ್ಲ ಹೊಟ್ಟೆ ಕೊಯ್ದು ತೆಗೆಯುತ್ತಾರಂತೆ, ಸಿಗಲಿಲ್ಲ. ನನ್ನ ಕಾಲಲ್ಲಿ ನನ್ನ ಬೆನ್ನಿಗೇ ಒದೆಯಲು ಸಾಧ್ಯವಿಲ್ಲವಲ್ಲ. ಕಡೆಗೆ ಮಲಗಿಬಿಟ್ಟೆ. ನೋವು ಹೋಗಲಿ, ಆಮೇಲೆ ಏಳೋಣ ಎಂದುಕೊಂಡು ಎರಡು ವರ್ಷ ಮಲಗಿದೆ. ಅಡುಗೆಗೆ ಗಂಡ ಇಳಿದರು. ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಇಸ್ತ್ರಿ ಬಟ್ಟೆ ರಾಶಿ ಬಿತ್ತು.

ಹಾಗಿರುವಾಗ ಮಗಳು ಬಸುರಿಯಾದಳು. ಚೊಚ್ಚಲು. ಬಾಣಂತನ ನಮ್ಮ ಮನೆಯಲ್ಲೇ ಆಗಬೇಕು. ಬಚ್ಚಲಿನಲ್ಲಿ ಮಣೆ ಹಾಕಿ, ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುವುದು ಅಜ್ಜಿಯ ಕೆಲಸ. ನನ್ನನ್ನು ನನ್ನ ಅಜ್ಜಿ ಹಾಗೆ ಮೀಯಿಸಿದ್ದರು, ಮಗಳನ್ನು ನನ್ನ ಅಮ್ಮ. ನನಗೋ ಕಾಲು ಚಾಚಿ ಕೂರುವುದಿರಲಿ, ಊಟ ಮುಗಿಯುವ ತನಕ ಕುರ್ಚಿಯಲ್ಲಿ ಕೂರಲಿಕ್ಕೂ ಆಗುತ್ತಿರಲಿಲ್ಲ. ಮಗಳ ಅತ್ತೆ ಫೋನು ಮಾಡಿ, “ನೀವು ತೊಂದರೆ ತಗೊಳ್ಬೇಡಿ, ಮೀಯಿಸ್ಲಿಕ್ಕೆ ಒಬ್ಬ ಹೆಂಗಸನ್ನು ಗೊತ್ತು ಮಾಡಿದ್ದೇವೆ. ಬಾಣಂತನ ಇಲ್ಲಿಯೇ ಆಗ್ಲಿ” ಎಂದರು. ಒಳ್ಳೆಯ ಮಾತೇ. ನಾನು ಫೋನಿಟ್ಟು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಮಗಳೇ ಹಟ ಹಿಡಿದು ನನ್ನನ್ನು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಹಳೆಯ ನೋವಿನವರಿಗೇ ಇರುವ ಜಾಗ. ದೊಡ್ಡ ಹಾಲಿನಲ್ಲಿ ಚಾಪೆ ಹಾಸಿ ಏಳೆಂಟು ಜನ ಕಾಲು ಎತ್ತುವುದು, ಇಳಿಸುವುದು ಮಾಡುತ್ತಿದ್ದರು. ಫಿಸಿಯೋಥೆರಪಿಯ ಹುಡುಗಿ ನನ್ನ ಹಳೆಯ ಸ್ಕ್ಯಾನುಗಳನ್ನೆಲ್ಲ ನೋಡಿ, ಅರ್ಧ ಗಂಟೆ ಮಾತಾಡಿಸಿ, ಮೆತ್ತಗೆ ಹೇಳಿದಳು: “ಆಂಟಿ, ನೋವು ಪೂರ್ತಿ ಹೋಗ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಕಡಿಮೆ ಆಗ್ಬಹುದು. ನೋವು ಇರುವಾಗಲೇ ಎಂತೆಲ್ಲ ಮಾಡ್ಬಹುದು, ಅದನ್ನು ಕಲಿಸ್ತೇನೆ.”

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅಷ್ಟು ವರ್ಷಗಳಲ್ಲಿ ಎಷ್ಟೋ ಜನ ನನ್ನ ಬೆನ್ನು ಮುಟ್ಟಿದ್ದರು. ಎಲ್ಲರೂ ಹೋಗುತ್ತದೆ ಎಂದೇ ಹೇಳಿದ್ದರು. ಹೋಗುವುದಿಲ್ಲ ಎಂದು ಮುಖಕ್ಕೆ ಹೇಳಿದವಳು ಇವಳೊಬ್ಬಳೇ. ಸಾಲದ್ದಕ್ಕೆ ಒಂದು ಹಾಳೆ ಕೊಟ್ಟಳು. ‘ನಿಮಗೆ ಏನು ಮಾಡಲು ಆಗಬೇಕು?’ ಎಂದು ಒಂದೇ ಪ್ರಶ್ನೆ. ನಾನು ‘ನೋವು ಹೋಗಬೇಕು’ ಎಂದು ಬರೆದೆ. ಅವಳು ನಕ್ಕು, “ಇದು ಮಾಡುವ ಕೆಲಸ ಅಲ್ವಲ್ಲ ಆಂಟಿ” ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು. “ನೋವು ಹೋಗದಿದ್ರೆ ನಾನು ಇಲ್ಲಿಗೆ ಎಂತಕ್ಕೆ ಬರುವುದು? ಮನೆಯಲ್ಲೇ ಮಲಗ್ತೇನಲ್ಲ! ಶಕ್ತಿನಗರದಲ್ಲಿ ಕೇಳಿ ನೋಡಿ. ಆರು ವರ್ಷದವಳು ನಾನು, ಎಡಗಾಲಲ್ಲಿ ಮೂರು ಒದೆ ಕೊಟ್ರೆ ಎಂಥೆಂಥವರ ನೋವು ಹೋಗ್ತಿತ್ತು. ನೀವು ಇಷ್ಟು ಓದಿ ಆಗುವುದಿಲ್ಲ ಅಂತೀರಿ!” ಎಂದು ಕೂಗಾಡಿದೆ. ಕಾಲು ಎತ್ತಿದವರು ಎತ್ತಿದಲ್ಲೇ ನಿಲ್ಲಿಸಿ ನನ್ನನ್ನು ನೋಡಿದರು. ಮಗಳು ನಾಚಿ ತಲೆ ತಗ್ಗಿಸಿದಳು.

ಮೂಲೆಯ ಚಾಪೆಯಲ್ಲಿ ತಲೆಗೆ ಬಿಳಿ ಬಟ್ಟೆ ಸುತ್ತಿದ್ದ ಮುದುಕಿಯೊಬ್ಬರು ಎರಡು ದಿಂಬಿನ ಮೇಲೆ ಹಣೆಯಿಟ್ಟು ಬಗ್ಗಿದ್ದರು. ಅವರು ಮೆಲ್ಲಗೆ ಮುಖ ಎತ್ತಿ, “ಎಡಗಾಲಿನ ಮೋಳೆ ಅಲ್ವಾ ನೀನು?” ಎಂದರು.

ಮಾಮಿ! ನಲವತ್ತು ವರ್ಷಕ್ಕೂ ಮೇಲಾಗಿತ್ತು ನೋಡಿ. ಹಲ್ಲಿಲ್ಲ, ಮುಖ ಸುಕ್ಕು, ಧ್ವನಿ ಮಾತ್ರ ಅದೇ. ನನಗೆ ಸಂತೋಷವಾಯಿತು, ಅದಕ್ಕಿಂತ ಹೆಚ್ಚಾಗಿ ಸಾಕ್ಷಿ ಸಿಕ್ಕಿತು ಎನ್ನಿಸಿತು. ಹುಡುಗಿಯ ಕಡೆ ತಿರುಗಿ, “ಕೇಳಿ, ಇವರನ್ನೇ ಕೇಳಿ! ಮಾಮಿ, ನಿಮ್ಮ ನೋವು ಹೋಗಿತ್ತೋ ಇಲ್ವೋ ಹೇಳಿ” ಎಂದೆ.

ಮಾಮಿ ಚಾಪೆಯಲ್ಲೇ ಎದ್ದು ಕೂತರು. ನಮ್ಮಿಬ್ಬರ ಮಾತು ಯಾವಾಗಲೂ ತುಳುವಿನಲ್ಲೇ; ಹುಡುಗಿಗೂ ತಿಳಿಯಲಿ ಎಂದೋ ಏನೋ, ಅವರು ಕನ್ನಡದಲ್ಲೇ ಹೇಳಿದರು.

“ಇಲ್ಲ ಮೋಳೇ. ಒಂದು ದಿನವೂ ಹೋಗ್ಲಿಲ್ಲ.”

“ನೀವೇ ಹೋಯಿತು ಅಂತಿದ್ರಲ್ಲ!”

“ಮತ್ತೆಂತ ಹೇಳುವುದು? ಹೇಳದಿದ್ರೆ ನಿನಗೆ ಬರ್ತದೆ ಅಂತ ನಿನ್ನ ಅಜ್ಜಿ ಹೇಳಿದ್ರಲ್ಲ. ಸಣ್ಣ ಮಗು ನೀನು. ನಿನ್ನ ಮೇಲೆ ಹಾಕ್ಲಿಕ್ಕೆ ಆಗ್ತದಾ?”

ನಾನು ಪಕ್ಕದ ಸ್ಟೂಲಿನ ಮೇಲೆ ಕೂತೆ. ಹಾಗಾದರೆ ಮಾಸ್ತರರು? ಮಲಗಲು ಬರುತ್ತಿದ್ದ ಬಸ್ ಡ್ರೈವರು? ಸೊಪ್ಪಿನ ಹೊರೆ ಹೊರುವ ಹೆಂಗಸರು? ಒಬ್ಬೊಬ್ಬರೇ ನಮ್ಮ ಚಾವಡಿಯಲ್ಲಿ ಎದ್ದು ನಿಂತು, ಬೆನ್ನು ಹಾಕಿ ‘ಹೋಯಿತು’ ಎಂದದ್ದು ನೆನಪಾಯಿತು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಹಾಗಾಗಿ ಆ ಮಾತು ಹೇಳುವಾಗ ಅವರ ಮುಖ ಹೇಗಿತ್ತು ಎಂದು ನಾನು ಕಂಡೇ ಇರಲಿಲ್ಲ. ಒಂದು ಊರಿಗೆ ಊರೇ ಸೇರಿ ನನಗೆ ಸುಳ್ಳು ಹೇಳಿತ್ತು, ಅದೂ ಪ್ರೀತಿಯಿಂದ. ಆ ಸುಳ್ಳನ್ನು ನಂಬಿಕೊಂಡು, ನೋವೆಂದರೆ ಹೋಗುವಂಥದ್ದು, ಹೋಗದೆ ಬದುಕಿಲ್ಲ ಎಂದು ನಾನು ಎರಡು ವರ್ಷ ಮಂಚ ಬಿಟ್ಟು ಎದ್ದಿರಲಿಲ್ಲ.

“ಮತ್ತೆ ಪ್ರತಿ ಮಂಗಳವಾರ ಎಂತಕ್ಕೆ ಬರ್ತಿದ್ರಿ ಮಾಮಿ?”

ಮಾಮಿ ಬೊಚ್ಚು ಬಾಯಲ್ಲಿ ನಕ್ಕರು. “ಮಲಗ್ಲಿಕ್ಕೆ ಮಾರಾಯ್ತಿ! ನಮ್ಮ ಮನೆಯಲ್ಲಿ ಹಗಲು ಮಲಗಿದ್ರೆ ಎಂತ ಸೋಮಾರಿತನ ಅಂತ ಕೇಳ್ತಿದ್ರು. ನಿಮ್ಮ ಚಾವಡಿಯಲ್ಲಿ ಮಲಗಿದ್ರೆ ಅದು ಮದ್ದು. ವಾರಕ್ಕೆ ಒಂದು ಸಲ ಅಷ್ಟು ಬೆನ್ನು ನೆಟ್ಟಗೆ ಮಾಡಿದ್ರೆ ಮತ್ತೆ ಆರು ದಿನ ಬೀಡಿ ಕಟ್ಟಬಹುದಿತ್ತು. ಅಷ್ಟೇ ನನಗೆ ಬೇಕಿದ್ದದ್ದು.”

ಹುಡುಗಿ ತಡೆಯಲಾರದೆ ನಕ್ಕಳು. “ಆಂಟಿ, ನಾನು ಹೇಳುವುದೂ ಅದೇ” ಎಂದಳು. ನಾನು ನಗಲಿಲ್ಲ. ಇದೇ ನೋವು ಹೊತ್ತುಕೊಂಡು ಈ ಹೆಂಗಸು ಐದು ಮಕ್ಕಳನ್ನು ದಡ ಸೇರಿಸಿದ್ದರು. ಈಗ ತಮ್ಮ ಹಾಳೆಯಲ್ಲಿ ಅವರು ಬರೆಸಿದ್ದು ಒಂದೇ ಸಾಲು: ‘ನಮಾಜಿನಲ್ಲಿ ಹಣೆ ನೆಲಕ್ಕೆ ಮುಟ್ಟಬೇಕು.’ ಅದಕ್ಕೇ ಆ ಎರಡು ದಿಂಬು.

ನಾನು ಹಾಳೆ ವಾಪಸು ಕೇಳಿದೆ. ಹಳೆಯ ಸಾಲು ಹೊಡೆದು ಹಾಕಿ, ‘ಮಗುವನ್ನು ಕಾಲ ಮೇಲೆ ಹಾಕಿ ಮೀಯಿಸಬೇಕು’ ಎಂದು ಬರೆದೆ. ಅಕ್ಷರ ಕೋಳಿ ಕೆದರಿದಂತೆ ಬಂದಿತ್ತು.

ನಾಲ್ಕು ತಿಂಗಳು ಹೋದೆ. ಮೊದಲ ವಾರ ಕಾಲು ಚಾಚಿ ಎರಡು ನಿಮಿಷ ಕೂರುವುದರಲ್ಲಿ ಕಣ್ಣಲ್ಲಿ ನೀರು. ಗೋಡೆಗೆ ಬೆನ್ನು ಕೊಟ್ಟು, ಎತ್ತರದ ಮಣೆ ಹಾಕಿ, ಮೂರು ನಿಮಿಷ, ಐದು ನಿಮಿಷ. ನೋವು ಜೋರಾದ ದಿನ ಕಡಿಮೆ ಮಾಡಿ, ನಿಲ್ಲಿಸಬೇಡಿ ಎಂದು ಆ ಹುಡುಗಿಯ ಆಜ್ಞೆ. ಮನೆಯಲ್ಲಿ ಮೂರು ಕಿಲೋ ಕುಚ್ಚಲಕ್ಕಿಯನ್ನು ಬಟ್ಟೆಯ ಚೀಲಕ್ಕೆ ತುಂಬಿಸಿ, ಕಾಲ ಮೇಲೆ ಮಲಗಿಸಿಕೊಂಡು ಅಭ್ಯಾಸ ಮಾಡಿದೆ. ಗಂಡ ಇಣುಕಿ ನೋಡಿ, “ಅಕ್ಕಿಗೆ ಎಣ್ಣೆ ಹಚ್ಚಿ ಆಯ್ತಾ?” ಎಂದು ಗೇಲಿ ಮಾಡಿದರು. ಮಾಮಿ ಅಷ್ಟರಲ್ಲಿ ಎರಡು ದಿಂಬಿನಿಂದ ಒಂದಕ್ಕೆ ಇಳಿದಿದ್ದರು. ನನ್ನನ್ನು ಕಂಡ ಕೂಡಲೇ ಈಗಲೂ ಪೆಪ್ಪರ್‌ಮಿಂಟ್ ಕೊಡುತ್ತಿದ್ದರು.

ಬೀಗರಿಗೆ ನಾನೇ ಫೋನು ಮಾಡಿ, ಬಾಣಂತನ ನಮ್ಮಲ್ಲೇ ಎಂದೆ. ಮೊಮ್ಮಗಳು ತಲೆ ಮುಂದಾಗಿಯೇ ಹುಟ್ಟಿದಳು. ಒದೆಯುವ ಉದ್ಯೋಗ ನಮ್ಮ ಮನೆಯಲ್ಲಿ ನನ್ನೊಂದಿಗೇ ಮುಗಿಯಿತು.

ಹೊಕ್ಕುಳು ಬಿದ್ದು ಒಣಗಿದ ಮೇಲೆ ಒಂದು ಬೆಳಿಗ್ಗೆ ಬಚ್ಚಲಿನಲ್ಲಿ ಮಣೆ ಹಾಕಿದೆ. ಗೋಡೆಗೆ ಒರಗಿ ಕಾಲು ಚಾಚಿದೆ. ಮಗಳು ಮಗುವನ್ನು ತಂದು ನನ್ನ ಕಾಲ ಮೇಲೆ ಕವುಚಿ ಮಲಗಿಸಿದಳು. ಅಕ್ಕಿ ಚೀಲಕ್ಕೆ ಜೀವವಿರಲಿಲ್ಲ, ಇದು ಒದೆಯುತ್ತಿತ್ತು. ಎಣ್ಣೆಗೆ ಜಾರುವ ಆ ಬೆನ್ನನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ತಿಕ್ಕಿದೆ. ಸೊಂಟದಿಂದ ಹಿಮ್ಮಡಿಯ ತನಕ ನೋವು ಒಂದೇ ಸಮನೆ ಇಳಿಯುತ್ತಿತ್ತು. ನಾನು ಹಲ್ಲು ಕಚ್ಚಿದ್ದು ಮಗಳಿಗೆ ಕಂಡಿತು.

“ಅಮ್ಮ, ನೋವು ಉಂಟಾ?” ಎಂದು ಹೆದರಿ ಕೇಳಿದಳು.

ಹೋಯಿತು ಎಂಬ ಮಾತು ತುದಿನಾಲಿಗೆಗೆ ಬಂದಿತ್ತು. ಮಕ್ಕಳ ಮೇಲೆ ಹಾಕಬಾರದಲ್ಲ. ನಾನು ತಲೆ ಎತ್ತಿ ಅವಳ ಮುಖವನ್ನೇ ನೋಡಿದೆ.

“ಉಂಟು,” ಎಂದೆ. “ಇನ್ನೊಂದು ಚೆಂಬು ನೀರು ಹಾಕು.”