ಕೆನ್ನೆಯಿಂದ ಇಳಿದ ಎಂಜಲು

೧೯೩೭ರ ದೀಪಾವಳಿ ಕಳೆದ ಮೇಲೆ ಶಿವಮೊಗ್ಗದ ಆಸ್ಪತ್ರೆಯಲ್ಲಿ ನನ್ನ ಅಕ್ಕನ ಬಲಗಿವಿಯ ಕೆಳಗಿದ್ದ ಗಡ್ಡೆಯನ್ನು ಕೊಯ್ದು ತೆಗೆದರು. ಅದು ಜೊಲ್ಲಿನ ಗ್ರಂಥಿಯಲ್ಲಿ ಬೆಳೆದಿತ್ತು. ಹೊಲಿಗೆ ಬಿಚ್ಚಿದ ಮೇಲೂ ಗಾಯದ ಒಂದು ಮೂಲೆ ಕೂಡಲಿಲ್ಲ. ಅವಳು ಊಟಕ್ಕೆ ಕೂತರೆ, ಒಮ್ಮೊಮ್ಮೆ ಒಗ್ಗರಣೆಯ ವಾಸನೆ ಬಂದರೂ, ಅಲ್ಲಿಂದ ತಿಳಿನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು.

ಅದು ಕೀವಲ್ಲ, ಬಾಯಿಗೆ ಹೋಗಬೇಕಾದ ಜೊಲ್ಲು ಎಂದರು ಡಾಕ್ಟರು. ಹತ್ತಿ ಒತ್ತಿ ಬಿಗಿಯಾಗಿ ಕಟ್ಟು ಹಾಕಿದರು. ಊಟಕ್ಕೆ ಮುಂಚೆ ಬಾಯಿ ಒಣಗಿಸುವ ಹನಿ ಔಷಧಿ, ಆಮೇಲೆ ತೆಳ್ಳನೆಯ ಗಂಜಿ. ಹುಳಿ ಕೂಡದು, ಅಗಿಯುವುದು ಕೂಡದು. ಜೊಲ್ಲು ಹುಟ್ಟದಿದ್ದರೆ ತೂತು ತಾನಾಗಿ ಮುಚ್ಚುತ್ತದೆ ಎಂಬುದು ಅವರ ಲೆಕ್ಕ.

ಅಕ್ಕನನ್ನು ಭದ್ರಾವತಿಗೆ ಕೊಟ್ಟಿತ್ತು. ಭಾವ ಅಲ್ಲಿ ಗುಮಾಸ್ತರು. ಅಕ್ಕನ ಅತ್ತೆಯವರು ಕಾಯಿಲೆಗೆ ಹೆದರಲಿಲ್ಲ. ಜೊಲ್ಲು ಎಂಬ ಮಾತಿಗೆ ಹೆದರಿದರು. ಜೊಲ್ಲೆಂದರೆ ಎಂಜಲು. ಎಂಜಲು ಸುರಿಯುವ ಮುಖ ಒಲೆಯ ಮೇಲೆ ಬಾಗುವಂತಿಲ್ಲ. ಕೆನ್ನೆ ಒಣಗಿದ್ದನ್ನು ಕಣ್ಣಾರೆ ನೋಡಿದ ಮೇಲೇ ಸೊಸೆಯನ್ನು ಕರೆದುಕೊಂಡು ಹೋಗುವುದಾಗಿ ಹೇಳಿ ಕಳಿಸಿದರು.

ನೋಡಲು ರೈಲಿನಲ್ಲಿ ಶಿವಮೊಗ್ಗದ ನಮ್ಮ ಮನೆಗೆ ಬಂದರು. ಅಷ್ಟರಲ್ಲಿ ಗಾಯ ಒಣಗಿತ್ತು. ತಾವೇ ತಂದಿದ್ದ ಹೇರಳೆಕಾಯಿ ಉಪ್ಪಿನಕಾಯಿಯ ಹೋಳನ್ನು ಅಕ್ಕನ ಎಲೆಗೆ ಹಾಕಿದರು.

"ತಿನ್ನಮ್ಮ, ನೋಡೋಣ."

"ಡಾಕ್ಟರು ಹುಳಿ ಬೇಡ ಅಂದಿದಾರೆ ಬೀಗಿತ್ತಿ," ಎಂದಳು ಅಮ್ಮ.

"ಡಾಕ್ಟರು ಬಂದು ನಮ್ಮನೆ ದೇವರ ನೈವೇದ್ಯಕ್ಕೆ ಅಡುಗೆ ಮಾಡ್ತಾರಾ? ಹುಳಿ ತಿಂದ್ರೂ ಸೋರಬಾರ್ದು. ಆಗ ವಾಸಿ ಅಂತೀನಿ."

ಅಕ್ಕ ತಿಂದಳು. ನೀರು ಇಳಿಯಿತು.

ಡಾಕ್ಟರು ಮತ್ತೆ ಕಟ್ಟು ಹಾಕಿದರು; ಒಣಗುತ್ತ ಬಂತು. ಅತ್ತೆಯವರು ಮತ್ತೆ ಬಂದು ಹುಳಿ ತಿನ್ನಿಸಿದರು, ಸೋರಿತು. ಸಂಕ್ರಾಂತಿಯ ನಂತರವೂ ಹೀಗೇ ನಡೆಯಿತು. ಬೀಗಿತ್ತಿಯ ಮನಸ್ಸು ಮುರಿದರೆ ಮಗಳ ಬಾಳು ಕೆಡುತ್ತದೆಂದು ಅಪ್ಪ ತಡೆಯಲಿಲ್ಲ. ನಾನು ಭದ್ರಾವತಿಗೆ ಹೋಗಿ ಡಾಕ್ಟರ ಮಾತನ್ನು ಭಾವನಿಗೆ ಮುಟ್ಟಿಸಿದೆ: ಗಾಯವನ್ನು ಈ ಪರೀಕ್ಷೆಯೇ ತೆರೆಯುತ್ತಿದೆ.

"ನಂಗೆ ಅರ್ಥ ಆಗುತ್ತೆ ಮಾರಾಯ. ಆದ್ರೆ ಅಡುಗೆಮನೆ ಅಮ್ಮಂದು," ಎಂದರು ಭಾವ. ಕಾಫಿ ಕುಡಿಸಿ ಕಳಿಸಿದರು.

ಯುಗಾದಿಯ ಹೊತ್ತಿಗೆ ಅತ್ತೆಯವರು ಬರುವುದನ್ನು ನಿಲ್ಲಿಸಿದ್ದರು. ಕಟ್ಟನ್ನು ಯಾರೂ ಬಿಚ್ಚಲಿಲ್ಲ. ತೂತು ಮುಚ್ಚಿತು. ಅಪ್ಪ ತಾವೇ ಹೋಗಿ ತಿಳಿಸಿದರು. ಅಲ್ಲಿ ಅವರಿಗೆ ತಿಳಿದದ್ದು, ಭಾವನ ಎರಡನೇ ಮದುವೆಗೆ ಕುಂಸಿ ಕಡೆಯ ಹುಡುಗಿ ಗೊತ್ತಾಗಿದೆ ಎಂಬುದು. ವೈಶಾಖದಲ್ಲಿ ಮದುವೆ ನಡೆಯಿತು.

ಅಕ್ಕ ಶಿವಮೊಗ್ಗದ ನಮ್ಮ ಮನೆಯಲ್ಲಿದ್ದಾಳೆ. ಕೆನ್ನೆ ಆಮೇಲೆ ಸೋರಿಲ್ಲ.