ಬ್ರೇಕ್ ತಂತಿಯ ತಂಬೂರಿ

ಒಂದೇ ಹಿಡಿಯ ಲಟ್ಟಣಿಗೆಯಲ್ಲಿ ಹೋಳಿಗೆ ಲಟ್ಟಿಸಿದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಅದರ ಪಾಡನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೋಳಿಗೆ ಚಂದ್ರನಾಗುವ ಬದಲು ಜಿಲ್ಲೆಯ ನಕಾಶೆಯಾಗುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ತಾಂಬಾದ ಶಾಲೆಯಲ್ಲಿ ಶಿಕ್ಷಕಿಯಾಗಿ ಸೋದರತ್ತೆ ನೀಲವ್ವನ ಮನೆಯಲ್ಲಿದ್ದೆ. ಇನ್ನೊಂದು ಹಿಡಿ ಎಲ್ಲಿ ಹೋಯಿತೆಂದು ಕೇಳಿದ ಬೀಗರಿಗೆಲ್ಲ ಅತ್ತೆ ಮೂಲೆಯ ತಂಬೂರಿಯ ಕಡೆ ಕೈ ತೋರಿಸುತ್ತಿದ್ದಳು.

ಆ ತಂಬೂರಿ ಮಾವನದು. ಪ್ರತಿ ಸೋಮವಾರ ಸಂಜೆ ಮಠದ ಭಜನೆಯಲ್ಲಿ ಅವರು ಅದನ್ನು ಮೀಟುತ್ತಿದ್ದರು. ಅವರು ತೀರಿದ ಮೇಲೆ ಅತ್ತೆ ಅದನ್ನು ಎತ್ತಿಕೊಂಡು ಹೋಗಿ ಗಂಡಸರ ನಡುವೆ ಅದೇ ಜಾಗದಲ್ಲಿ ಕುಳಿತಳು. ಯಾರೂ ಕುಳಿತುಕೋ ಎನ್ನಲಿಲ್ಲ, ಏಳು ಎನ್ನಲೂ ಇಲ್ಲ. ಶ್ರುತಿ ಕೂಡಿಸಲು ಮೇಳದಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಹಾಗೆ ಎಂಟು ವರ್ಷ ಕಳೆದವು.

ಒಮ್ಮೆ ಪರವೂರಿನ ಭಜನೆ ಮುಗಿಸಿ ಬರುವಾಗ ಸಿಂದಗಿಯ ಬಸ್ ಸ್ಟ್ಯಾಂಡಿನಲ್ಲಿ ತಂಬೂರಿ ಬಸ್ಸಿನ ಮೇಲಿಂದ ಉರುಳಿಬಿತ್ತು. ಬುರುಡೆ ಸೀಳಿತು, ಕತ್ತು ಸಡಿಲವಾಯಿತು, ತಂತಿ ಬಿಗಿಯುವ ಒಂದು ಬಿರಡೆ ಮುರಿಯಿತು, ಎರಡು ತಂತಿ ಹರಿದವು. ದೂರದ ಊರಿನ ವಾದ್ಯ ರಿಪೇರಿಯವನು ಅದನ್ನು ತಿರುಗಿಸಿ ನೋಡಿ, "ಇದರ ಆಯುಷ್ಯ ಮುಗದೈತ್ರಿ, ಗ್ವಾಡಿಗೆ ತೂಗ ಹಾಕ್ರಿ" ಎಂದ. ಎಂಟು ದಿನದೊಳಗೆ ಮೇಳದ ಹಿರಿಯ ಶಂಕ್ರಣ್ಣ ಕರೆಂಟಿನ ಶ್ರುತಿಪೆಟ್ಟಿಗೆ ತರಿಸಿ ಮನೆಗೆ ಬಂದ.

"ಇನ್ನ ನಿನಗ್ಯಾಕ ತ್ರಾಸ, ನೀಲವ್ವಾ? ಬಟನ್ ಒತ್ತಿದ್ರ ತಾನ ನುಡೀತೈತಿ. ನೀ ಆರಾಮ ಹೆಣ್ಮಕ್ಕಳ ಜೋಡಿ ಕುಂತು ಕೇಳು."

ಅತ್ತೆ ಚಹಾ ಕೊಟ್ಟಳು. ಅವನು ಹೊಸ್ತಿಲು ದಾಟುವಾಗ ಹೇಳಿದಳು: "ಮುರದದ್ದು ತಂಬೂರಿ, ಅಣ್ಣಾ. ನನ್ನ ಕೈಯಲ್ಲ."

ಗೆಳೆಯರೇ, ಸಿಟ್ಟು ಕೆಲವರನ್ನು ಮಲಗಿಸುತ್ತದೆ, ಕೆಲವರನ್ನು ಕೆಲಸಕ್ಕೆ ಹಚ್ಚುತ್ತದೆ. ಮರುದಿನವೇ ಅತ್ತೆ ಜಾಲಿಯ ಅಂಟಿಗೆ ಕಟ್ಟಿಗೆಯ ಹೊಟ್ಟು ಕಲಸಿ ಬುರುಡೆಯ ಸೀಳಿಗೆ ಮೆತ್ತಿದಳು. ಸೈಕಲ್ ಟ್ಯೂಬನ್ನು ಉದ್ದುದ್ದ ಸೀಳಿ ಕತ್ತಿನ ಕೀಲಿಗೆ ಬಿಗಿಯಾಗಿ ಸುತ್ತಿ ನಾಲ್ಕು ದಿನ ಮುಟ್ಟದೆ ಬಿಟ್ಟಳು. ಲಟ್ಟಣಿಗೆಯ ಹಿಡಿಯನ್ನು ಕೊಯ್ದು, ಒಡೆದ ಗಾಜಿನ ಚೂರಿನಿಂದ ಹೆರೆದು ಬಿರಡೆ ಮಾಡಿದಳು. ಅದು ಜಾರತೊಡಗಿದಾಗ ನನ್ನ ಚೀಲದಿಂದ ಸೀಮೆಸುಣ್ಣ ತೆಗೆದು ತಿಕ್ಕಿದಳು. ಸೈಕಲ್ಲಿನ ಬ್ರೇಕ್ ತಂತಿಯ ಹುರಿ ಬಿಚ್ಚಿದಾಗ ಒಳಗಿಂದ ಎಳೆ ಎಳೆಯಾಗಿ ಉಕ್ಕು ಸಿಕ್ಕಿತು. ನಿಲ್ಲಿಸುವ ತಂತಿಯನ್ನು ನುಡಿಸುವ ತಂತಿ ಮಾಡಿದ ನಮ್ಮತ್ತೆಗೆ ನಾನು ಯಾವ ಪಾಠ ಹೇಳಲಿ! ಕೊನೆಗೆ ತನ್ನ ಇಳಕಲ್ಲ ಸೀರೆಯ ಸೆರಗಿನಿಂದ ರೇಷ್ಮೆಯ ಎಳೆ ಕಿತ್ತು, ತಂತಿಗಳನ್ನು ಹೊರುವ ಕುದುರೆ ಎಂಬ ಪಟ್ಟಿಯ ಮೇಲೆ, ತಂತಿಗಳ ಕೆಳಗೆ ಸೇರಿಸಿದಳು. ತಂಬೂರಿಗೆ ಝೇಂಕಾರ ಕೊಡುವ ಆ ದಾರಕ್ಕೆ ಜೀವಾಳ ಎಂದು ಹೆಸರು. ಸತ್ತಿತೆಂದು ಬಲ್ಲವರು ಕೈಬಿಟ್ಟದ್ದಕ್ಕೆ ಒಂದು ಗೇಣು ದಾರ ಜೀವ ಕೊಡುವುದನ್ನು ನಾನು ಕಣ್ಣಾರೆ ಕಂಡೆ.

ಶ್ರುತಿ ಕೂಡಿಸಲು ಅವಳು ನೀರು ತುಂಬಿದ ಹಿತ್ತಾಳೆ ಚರಿಗೆಯನ್ನು ಎದುರಿಗಿಟ್ಟುಕೊಂಡು ಚಮಚದಿಂದ ತಟ್ಟುತ್ತ, ತಾನೂ ದನಿ ತೆಗೆಯುತ್ತ, ಎರಡೂ ಒಂದಾಗುವ ತನಕ ನೀರು ಚೆಲ್ಲಿದಳು. ಆಮೇಲೆ ಆ ನಾದಕ್ಕೆ ತಂತಿಗಳನ್ನು ಬಿಗಿದಳು. ಅದು ಮೊದಲಿಗಿಂತ ಎತ್ತರದಲ್ಲಿತ್ತು.

"ಅತ್ತಿ, ಮಾವನ ಶ್ರುತಿ ಇಷ್ಟ ಮ್ಯಾಲ ಇರಲಿಲ್ಲಲ್ಲ?"

"ಅವರದು ಅವರ ಜೋಡಿ ಹೋತು. ಎಂಟು ವರ್ಷ ನನ್ನ ದನಿ ಬಾವ್ಯಾಗ ಇಳಿಸಿ ಹಾಡೇನಿ. ಇದು ನಂದು."

ಸೋಮವಾರ ಮಠದಲ್ಲಿ ಶ್ರುತಿಪೆಟ್ಟಿಗೆ ಮೊದಲೇ ನುಡಿಯುತ್ತಿತ್ತು. ಅತ್ತೆ ತನ್ನ ಹಳೆಯ ಜಾಗಕ್ಕೇ ಹೋಗಿ ಕುಳಿತು, ಟ್ಯೂಬು ಸುತ್ತಿದ ತಂಬೂರಿಯನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡಳು. ಯಾರೋ ನಕ್ಕರು. ನಾನು ಹಿಂದೆ ಹೆಂಗಸರ ಜೊತೆ ಕುಳಿತೆ. ತನ್ನ ಪಾಳಿ ಬಂದಾಗ ಅವಳು ಪೆಟ್ಟಿಗೆಯ ಕಡೆ ನೋಡಿ, "ಬಂದ್ ಮಾಡ್ರಿ ಅದನ್ನ. ನನ್ನ ದನಿಗೆ ಕೂಡೂದಿಲ್ಲ" ಎಂದಳು.

"ಇಷ್ಟು ವರ್ಷ ಇದ ಶ್ರುತಿಗೆ ಕೂಡತಿತ್ತಲ್ಲ?" ಎಂದ ಶಂಕ್ರಣ್ಣ.

"ನಾ ಕೂಡಿಸಿಕೊಂಡಿದ್ನಿ."

ಪೆಟ್ಟಿಗೆ ಬಂದಾಯಿತು. ಅತ್ತೆ ತತ್ವಪದ ಎತ್ತಿಕೊಂಡಳು. ಎಂಟು ವರ್ಷ ಗಂಡಸರ ದನಿಗಳ ಅಡಿಯಲ್ಲಿ ಗೊಗ್ಗರಾಗಿ ಕೇಳುತ್ತಿದ್ದ ಕಂಠ ಅಂದು ಮಠದ ತೊಲೆಗಳ ತನಕ ಏರಿತು. ಹಿಂದೆ ಕುಳಿತ ಹೆಂಗಸರು ಒಬ್ಬೊಬ್ಬರಾಗಿ ಪಲ್ಲವಿಗೆ ದನಿಗೂಡಿಸಿದರು, ಆ ಎತ್ತರ ಅವರಿಗೂ ಸಲೀಸಾಗಿತ್ತು. ಮೂರನೆಯ ನುಡಿಗೆ ಟಣ್ ಎಂದು ಬ್ರೇಕ್ ತಂತಿಯ ಎಳೆಯೊಂದು ಹರಿದು ಅವಳ ಮುಂಗೈಗೆ ಬಡಿಯಿತು. ರಕ್ತದ ಗೆರೆ ಮೂಡಿತು. ತಬಲಾದವನು ಕೈ ನಿಲ್ಲಿಸಿದ.

"ಯಾಕ ನಿಲ್ಲಿಸಿದಿ? ಇನ್ನೂ ಮೂರು ತಂತಿ ಅದಾವ" ಎಂದವಳೇ ಅದೇ ಸಾಲನ್ನು ಮತ್ತೆ ಎತ್ತಿಕೊಂಡಳು.

ಮಂಗಳಾರತಿ ಮುಗಿದು ಎಲ್ಲರೂ ಚಪ್ಪಲಿ ಹುಡುಕುವಾಗ ಶಂಕ್ರಣ್ಣ ಹತ್ತಿರ ಬಂದ. ಅವಳ ಮುಖ ನೋಡದೆ, ತಂಬೂರಿಯನ್ನು ನೋಡುತ್ತ, "ಮುಂದಿನ ಸೋಮವಾರ ನಾಲ್ಕೂ ತಂತಿ ಹಾಕ್ಕೊಂಡು ಬಾ" ಎಂದ.

ಅತ್ತೆ ತಂಬೂರಿಯನ್ನು ಹೆಗಲಿಗೇರಿಸಿದಳು.

"ಬರೂದಂತೂ ಬರ್ತೇನಿ, ಅಣ್ಣಾ. ತಂತಿ ಎಷ್ಟಿರ್ತಾವೋ ನೋಡೂಣು."