ತಲೆಕೆಳಗೆ ಹಿಡಿದ ಕಾಗದ

ಮೊನ್ನೆ ಹಳೆಯ ಗಾದಿಯೊಂದನ್ನು ಹೊಸದಾಗಿ ಹೊಲಿಸಲು ಹುಬ್ಬಳ್ಳಿಯ ಅಂಗಡಿಗೆ ಒಯ್ದಿದ್ದೆ. ಅದನ್ನು ಬಿಚ್ಚುತ್ತಲೇ ಒಂದು ವಾಸನೆ ಎದ್ದಿತು. ಧೂಳು, ತಲೆಯ ಎಣ್ಣೆ, ಬಿಸಿಲು ಎಲ್ಲ ಕೂಡಿದ ಹಳೆಯ ಹತ್ತಿಯ ವಾಸನೆ. ಅಂಗಡಿಯವನು ಮೂಗು ಮುಚ್ಚಿಕೊಂಡ. ನಾನು ಮಾತ್ರ ಆಸೆಯಿಂದ ಉಸಿರೆಳೆದುಕೊಂಡೆ. ಧಾರವಾಡದ ನಮ್ಮ ಅಂಗಳ, ಅಲ್ಲಿ ಹತ್ತಿ ಹಿಂಜುವ ಬಿಲ್ಲು ಮೀಟುತ್ತ ಕೂತ ಪಿಂಜಾರ ಕಾಕಾ... ಎಷ್ಟು ವರ್ಷವಾಯಿತೋ!

ಇಂಗ್ಲಿಷರ ಆಳ್ವಿಕೆಯ ಕಾಲ ಅದು. ಚಳಿ ಬೀಳುವ ಮುಂಚೆ ಕಾಕಾ ಮನೆಮನೆಗೆ ಬಂದು ಗಾದಿ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ ಹೊಲಿದು ಕೊಡುತ್ತಿದ್ದರು. ಜನ ಗಾದಿಯೊಳಗೆ ಏನೇನು ಬಚ್ಚಿಡುತ್ತಾರೆಂಬುದು ಅವರಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಆದರೆ ಅವರ ಬಾಯಿಂದ ಒಂದು ಸುದ್ದಿಯಾದರೂ ಹೊರಬಿದ್ದಿದ್ದರೆ ಕೇಳಿ! ಯಾರಾದರೂ ಆಚೆಮನೆಯ ವಿಷಯ ಕೆದಕಿದರೆ, "ನಮಗೇನ್ ತಿಳೀತೈತ್ರಿ, ಹತ್ತಿ ಹಿಂಜಾವ್ರು ನಾವು" ಎಂದು ಬಾಯಿ ತುಂಬ ನಗುತ್ತಿದ್ದರು. ಓಣಿಯವರೆಲ್ಲ ಅವರನ್ನು ಪೆದ್ದ ಎಂದೇ ತಿಳಿದಿದ್ದರು. ಪೆದ್ದರಂತೆ, ಪೆದ್ದರು!

ನನಗಾಗ ಹದಿನೈದು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಆ ಸರ್ಟಿಫಿಕೇಟ್ ಇದ್ದರೆ ಶಿಕ್ಷಕಿಯರ ಟ್ರೇನಿಂಗಿಗೆ ಸೇರಬಹುದಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಅದು ಕೈಗೆ ಸಿಕ್ಕರೆ ಒಲೆಗೆ ಹಾಕುತ್ತೇನೆಂದು ಹಟ ಹಿಡಿದಿದ್ದಳು. ನಾನು ಗಾದಿಯ ಹೊಲಿಗೆ ಬಿಚ್ಚಿ ಅದನ್ನು ಒಳಗೆ ತುರುಕಿ, "ಎಲ್ಲೋ ಕಳೀತು" ಎಂದುಬಿಟ್ಟೆ. ಎಂಥ ಮಂಕುತನ ನನ್ನದು! ಚಳಿಗಾಲ ಬರುತ್ತದೆ, ಕಾಕಾ ಬರುತ್ತಾರೆ ಎಂಬುದು ನೆನಪಾಗಲೇ ಇಲ್ಲ.

ಒಂದು ಮುಂಜಾನೆ ಬಾವಿಯಿಂದ ನೀರು ತಂದು ನೋಡಿದರೆ ಅಂಗಳದಲ್ಲಿ ನನ್ನ ಗಾದಿ ಬಿಚ್ಚಿ ಬಿದ್ದಿತ್ತು. ಕಾಕಾನ ಕೈಯಲ್ಲಿ ನನ್ನ ಸರ್ಟಿಫಿಕೇಟ್. ಹತ್ತಿ ಕಡಿಮೆಯಾದೀತೆಂದು ಮನೆಯವರು ಕಾವಲು ಕೂರುವುದು ಆಗಿನ ರೂಢಿ. ಆಯಿ ಕಟ್ಟೆಯ ಮೇಲೇ ಕೂತಿದ್ದಳು.

"ಏನೋ ಅದು?" ಎಂದಳು ಆಯಿ.

ಕಾಕಾ ಕಾಗದವನ್ನು ತಲೆಕೆಳಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. "ಹಾಳಿ ಐತ್ರಿ ಅಮ್ಮಾರ. ಮೂಲಿ ಬಿಗಿ ಇರ್ಲಿ ಅಂತ ಹಾಕಿರ್ತೀವ್ರಿ. ತಗದ್ರ ಹತ್ತಿ ಸರೀತೈತಿ."

ಅಷ್ಟರಲ್ಲಿ ಅಪ್ಪ ಹೊರಗೆ ಬಂದ. "ಏನ್ ಬರದೈತಿ ಅದ್ರಾಗ?"

"ಅದು ತಿಳದಿದ್ರ ಹತ್ತಿ ಯಾಕ ಹಿಂಜತಿದ್ದೆರಿ ಸಾಹೇಬ್ರ?" ಎನ್ನುತ್ತಲೇ ಕಾಕಾ ಬಿಲ್ಲು ಮೀಟಿದರು. ಹತ್ತಿ ಹಾರಿ ಅಪ್ಪನ ಕರಿ ಕೋಟಿಗೆಲ್ಲ ಮೆತ್ತಿತು. ಅಪ್ಪ ಬೈಯುತ್ತ, ಕೊಡವಿಕೊಳ್ಳುತ್ತ ಕಚೇರಿಗೆ ನಡೆದ. ಕಾಕಾ ನನ್ನತ್ತ ಒಮ್ಮೆಯೂ ನೋಡಲಿಲ್ಲ. ಸಂಜೆ ಗಾದಿ ಮಡಚಿಡುವಾಗ ಕಂಡಿತು: ಎಲ್ಲ ಕಡೆ ಬಿಳಿ ದಾರ, ಒಂದು ಮೂಲೆಗೆ ಮಾತ್ರ ಕೆಂಪು ದಾರ.

ಬೇಸಿಗೆ ಕಳೆಯುತ್ತಲೇ ಸೋದರಮಾವ ಬಂದು, ಹುಡುಗಿಯನ್ನು ಟ್ರೇನಿಂಗಿಗೆ ಕಳಿಸಿ ಎಂದು ಪಟ್ಟು ಹಿಡಿದ. "ಸರ್ಟಿಫಿಕೇಟ್ ಇದ್ರ ಕರಕೊಂಡ ಹೋಗು" ಎಂದ ಅಪ್ಪ, ಅದು ಎಂದೋ ಕಳೆದಿದೆ ಎಂಬ ಧೈರ್ಯದಿಂದ. ನಾನು ಕೆಂಪು ದಾರ ಕತ್ತರಿಸಿ, ಸರ್ಟಿಫಿಕೇಟನ್ನು ತಂದು ಅಪ್ಪನ ಮುಂದಿಟ್ಟೆ.

"ಎಲ್ಲಿತ್ತ ಇದು?"

"ನನಗೇನ್ ತಿಳೀತೈತಪ್ಪಾ" ಎಂದೆ. ಬಾಯಿ ತುಂಬ ನಕ್ಕೆ ಕೂಡ. ಅಪ್ಪ ಆಡಿದ ಮಾತಿಗೆ ತಪ್ಪಲಿಲ್ಲ.

ಧಾರವಾಡದ ಹತ್ತಿರದ ಹೆಬ್ಬಳ್ಳಿಯ ಶಾಲೆಗೆ ನಾನು ಶಿಕ್ಷಕಿಯಾಗಿ ಹೋದ ಮೇಲೆ ಒಂದು ದಿನ, ಅಲ್ಲಿನ ಬೇವಿನ ಮರದ ಕಟ್ಟೆಯಲ್ಲಿ ಯಾರೋ ನಾಲ್ಕು ಜನಕ್ಕೆ ಪತ್ರಿಕೆ ಓದಿ ಹೇಳುತ್ತಿದ್ದರು. ಎಲ್ಲೂ ತಡವರಿಸದ ಓದು. ಹತ್ತಿರ ಹೋದರೆ ಕಾಕಾ! ನನ್ನನ್ನು ಕಂಡದ್ದೇ ತಡ, ಪತ್ರಿಕೆಯನ್ನು ತಲೆಕೆಳಗೆ ಮಾಡಿದರು. ನನಗೆ ನಗು ತಡೆಯಲಾಗಲಿಲ್ಲ. "ಕಾಕಾ, ಆ ದಿನ ನೀವು..." ಎಂದು ಶುರುಮಾಡಿದೆ.

"ಯಾವ ದಿನಾರಿ ಅಕ್ಕೋರ? ನಮಗೇನ್ ತಿಳೀತೈತ್ರಿ!"

ತಂಗಿ ಎನ್ನುತ್ತಿದ್ದವರು ಅಕ್ಕೋರ ಎಂದರು, ಶಾಲೆಯ ಮಕ್ಕಳು ಕರೆಯುವ ಹಾಗೆ. ಆ ಹಿಗ್ಗಿನಲ್ಲಿ ನನ್ನ ಮಾತು ಅಲ್ಲಿಗೇ ನಿಂತಿತು. ಮುಂದಿನ ಚಳಿಗೆ ಬಿಲ್ಲು ಹೊತ್ತು ಬಂದವರು ಅವರ ತಮ್ಮ. ಕಾಕಾ ಹೋಗಿಬಿಟ್ಟಿದ್ದರು... ಅವರು ಬೇಡವೆಂದರೂ ಹೇಳಬೇಕಿತ್ತು, ಕೈ ಹಿಡಿದು ನಿಲ್ಲಿಸಿ ಹೇಳಬೇಕಿತ್ತು.

"ಒಳಗ ಏನರ ಇಟ್ಟಿದ್ರ ಈಗ ಹೇಳ್ರಿ ಅಮ್ಮಾರ, ಮಷೀನಿಗೆ ಸಿಕ್ರ ಚಿಂದಿ ಆಗತೈತಿ" ಎಂದ ಅಂಗಡಿಯವನು.

"ಏನೂ ಇಲ್ಲಪಾ. ಹೊಲಿಯೋ ಮುಂದ ಒಂದ ಮೂಲಿಗೆ ಕೆಂಪ ದಾರ ಹಾಕು."

"ಯಾಕ್ರಿ?"

"ನನಗೇನ್ ತಿಳೀತೈತಪಾ" ಎಂದೆ. ನಗಬೇಕೆಂದಿದ್ದೆ, ನಗಲಾರದೆ ಆ ಹಳೆಯ ಹತ್ತಿಯ ಒಂದು ಹಿಡಿ ಎತ್ತಿ ಮೂಸಿದೆ.